ಸೋರದ ಸೈಲೆನ್ಸರ್

ಗುಮಾಸ್ತರ ಸ್ಕೂಟರಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಒದ್ದು ಶುರು ಮಾಡಿದರೆ, ಡಬ್ಬಿಗೆ ಗೋಲಿ ತುಂಬಿ ಮೆಟ್ಟಿಲ ಮೇಲಿಂದ ಉರುಳಿಸಿದ ಸದ್ದು. ಮಹಡಿಯಲ್ಲಿ ಮನೆ ಮಾಲೀಕರ ತಾಯಿ ಇದ್ದರು. ಎಲೆ ಉದುರಿದರೂ ಎಚ್ಚರವಾಗುವ ನಿದ್ದೆ ಅವರದು.

ಭಾನುವಾರ ಬೆಳಿಗ್ಗೆ ಮಾಲೀಕರು ಮೆಟ್ಟಿಲ ಮೇಲೇ ನಿಂತು ಹೇಳಿದರು. "ನೋಡಿ ಸ್ವಾಮಿ, ಇನ್ನೊಂದು ಸಲ ನಮ್ಮಮ್ಮನ ನಿದ್ದೆ ಕೆಟ್ರೆ ನೀವು ಮನೆ ಖಾಲಿ ಮಾಡಿ. ಮಧ್ಯಾಹ್ನ ಬಂದು ನಾನೇ ನೋಡ್ತೀನಿ."

ಈ ಎರಡು ಕೋಣೆಯ ಮನೆಗಾಗಿ ಗುಮಾಸ್ತರು ಏಳು ತಿಂಗಳು ಚಪ್ಪಲಿ ಸವೆಸಿದ್ದರು. ಗ್ಯಾರೇಜಿಗೆ ಭಾನುವಾರ ಬೀಗ. ಅಡುಗೆಮನೆಯಿಂದ ಚಾಕು, ಇಕ್ಕಳ, ಹಾಲಿನ ಪುಡಿಯ ಖಾಲಿ ಡಬ್ಬಿ ತಂದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ನೀವು ಗಡಿಯಾರಕ್ಕೆ ಸೆಲ್ ಹಾಕಿದ್ರೆ ಮುಳ್ಳು ಹಿಂದಕ್ಕೆ ಹೋಗತ್ತೆ. ಇದಕ್ಕೆ ಕೈ ಹಾಕ್ತೀರಲ್ರೀ!" ಎಂದರು ಹೆಂಡತಿ.

ಡಬ್ಬಿಯನ್ನು ಕತ್ತರಿಸಿ, ತೂತಿನ ಮೇಲೆ ಸುತ್ತಿ, ತಂತಿ ಬಿಗಿಯುವಷ್ಟರಲ್ಲಿ ಎರಡು ಬೆರಳು ಕುಯ್ದುಹೋದವು. ಪಕ್ಕದ ಮನೆಯ ದರ್ಜಿ ಕಾಂಪೌಂಡಿನ ಮೇಲಿಂದ ಇಣುಕಿದ.

"ಸದ್ದು ಅಡಗ್ಬೇಕು ಅಂದ್ರೆ ಒಳಗೆ ಬಟ್ಟೆ ತುಂಬ್ಬೇಕು ಸಾರ್. ಕೋಟಿನ ಭುಜಕ್ಕೆ ನಾವು ತುಂಬಲ್ವಾ?" ಎನ್ನುತ್ತ ಒಂದು ಚೀಲ ಚಿಂದಿಯನ್ನೇ ತಂದ. ಗುಮಾಸ್ತರು ಹಿಡಿಸುವಷ್ಟನ್ನೂ ಸೈಲೆನ್ಸರಿನೊಳಗೆ ತುರುಕಿದರು. ಜನ್ಮದಲ್ಲಿ ಯಾರಿಗೂ ಬೇಡ ಅಂದವರಲ್ಲ.

ಎದುರು ಮನೆಯ ನಲ್ಲಿ ರಿಪೇರಿಯವನು ಬಂದವನೇ ಕೊಳವೆಯ ಹಿಂಬದಿಗೆ ಬೆರಳಿಟ್ಟ. "ಇಲ್ನೋಡಿ, ಇಷ್ಟು ದೊಡ್ಡ ತೂತು! ಇದನ್ನ ಬಿಟ್ಟು ಚಿಕ್ಕದನ್ನ ಮುಚ್ಕೊಂಡು ಕೂತಿದ್ದೀರಲ್ಲ!"

"ಅದು... ಹೊಗೆ ಹೋಗೋ ದಾರಿ ಅಲ್ವೇನಪ್ಪಾ?"

"ಇಪ್ಪತ್ತು ವರ್ಷ ಪೈಪಿನ ಕೆಲಸ ಮಾಡಿದೀನಿ. ನಂಗೆ ಹೇಳ್ತೀರಾ? ಪೈಪು ಅಂದ್ಮೇಲೆ ಸೋರ್ಬಾರ್ದು."

ಅಷ್ಟು ಅನುಭವದ ಮುಂದೆ ತಮ್ಮದೇನು ಎಂದು ಗುಮಾಸ್ತರಿಗೆ ಅನುಮಾನ ಬಂತು. ಅವನು ಮೆತ್ತಿದ ಅಂಟು ಅರ್ಧ ಗಂಟೆಯಲ್ಲಿ ಕಲ್ಲಾಯಿತು.

ಗುಮಾಸ್ತರು ಒದ್ದರು. ಹನ್ನೆರಡು ಸಲ ಒದ್ದರು. ಸ್ಕೂಟರ್ ಮೂಗು ಬಾಯಿ ಎರಡೂ ಕಟ್ಟಿಸಿಕೊಂಡವರಂತೆ ಒಮ್ಮೆ ಕುಲುಕಿ ಸುಮ್ಮನಾಯಿತು. ಅಷ್ಟರಲ್ಲಿ ಮಾಲೀಕರು ಇಳಿದು ಬಂದರು.

"ಏನು, ಗಾಡಿ ಶುರುವಾಗಿದ್ಯಾ?"

ಗುಮಾಸ್ತರು ನಿಜ ಹೇಳಲೆಂದೇ ಬಾಯಿ ತೆರೆದರು. ದರ್ಜಿ ಮುಂದೆ ಬಿದ್ದ. "ಆಗಿದೆ ಸಾರ್! ಗೊತ್ತೇ ಆಗ್ಲಿಲ್ಲ ಅಲ್ವಾ? ಅದೇ ಇದರ ಹೆಚ್ಚುಗಾರಿಕೆ!"

"ಭೇಷ್! ಹಾಗಾದ್ರೆ ಕೆಳಗಡೆ ಕ್ಷೌರದಂಗಡಿಗೆ ನನ್ನ ಬಿಡಿ, ನೋಡೇಬಿಡೋಣ" ಎಂದು ಮಾಲೀಕರು ಹಿಂದೆ ಹತ್ತಿ ಕೂತರು.

ಪುಣ್ಯಕ್ಕೆ ಬೀದಿ ಇಳಿಜಾರು. ಗುಮಾಸ್ತರು ಬ್ರೇಕು ಬಿಟ್ಟು ಕಣ್ಣು ಅರೆ ಮುಚ್ಚಿದರು. ಸ್ಕೂಟರ್ ಬೆಣ್ಣೆಯ ಮೇಲೆ ಜಾರಿದಂತೆ ಅಂಗಡಿಯ ಮುಂದೆ ನಿಂತಿತು. "ಹೊಸ ಗಾಡಿಗೂ ಈ ನಯ ಇಲ್ಲ ಕಣ್ರೀ!" ಎಂದು ಮಾಲೀಕರು ಬೆನ್ನು ತಟ್ಟಿ ಇಳಿದುಹೋದರು.

ಮನೆ ಉಳಿಯಿತು. ಆದರೆ ಈಗ ಅದು ಮೇಲಿತ್ತು, ಸ್ಕೂಟರ್ ಕೆಳಗಿತ್ತು.

ಗುಮಾಸ್ತರು ತಳ್ಳತೊಡಗಿದರು. ನೆತ್ತಿ ಸುಡುವ ಬಿಸಿಲು. ಒಂದೊಂದು ಲೈಟುಕಂಬಕ್ಕೂ ಒರಗಿ ನಿಂತು, ಇಳಿಯುವಾಗ ಇಷ್ಟೇ ಇಷ್ಟಿದ್ದ ಬೀದಿ ಹತ್ತುವಾಗ ಹೇಗೆ ಬೆಳೆಯಿತೆಂದು ನೋಡಿದರು. ಗೇಟು ಮುಟ್ಟಿದಾಗ ಕಣ್ಣು ಕತ್ತಲಿಟ್ಟಿತ್ತು. ಎದೆಯಿಂದ ಹಾ... ಹೂ... ಎಂದು ಏದುಸಿರು ಬುಸುಗುಡುತ್ತಿತ್ತು.

ಮೇಲಿನ ಕಿಟಕಿ ದಢಾರನೆ ತೆರೆಯಿತು.

"ಯಾವನೋ ಅದು, ಮಟಮಟ ಮಧ್ಯಾಹ್ನ ಕಮ್ಮಾರನ ತಿದಿ ಒತ್ತೋನು? ಈಗ ತಾನೇ ಕಣ್ಣಿಗೆ ಕಣ್ಣು ಹತ್ತಿತ್ತು!"

ನುಣ್ಣಗೆ ಗಡ್ಡ ಹೆರೆಸಿಕೊಂಡು ಬರುತ್ತಿದ್ದ ಮಾಲೀಕರು ಗೇಟಿನಲ್ಲೇ ನಿಂತರು. ಕಿಟಕಿ ನೋಡಿದರು, ಗುಮಾಸ್ತರನ್ನು ನೋಡಿದರು.

"ಗಾಡಿ ಸದ್ದು ಮಾಡ್ಲಿಲ್ಲ, ಒಪ್ಕೋತೀನಿ. ಆದ್ರೆ ನಾನು ಹೇಳಿದ್ದು ಗಾಡಿ ವಿಷಯ ಅಲ್ಲ ಸ್ವಾಮಿ, ಅಮ್ಮನ ನಿದ್ದೆ ವಿಷಯ. ತಿಂಗಳ ಕೊನೆಗೆ ಖಾಲಿ ಮಾಡ್ಬಿಡಿ."

ಗುಮಾಸ್ತರು ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಮೆಟ್ಟಿಲ ಮೇಲೆ ಕುಸಿದು ಕೂತರು.

ಹೆಂಡತಿ ನೀರಿನ ಚೊಂಬು ತಂದುಕೊಟ್ಟು, ಸ್ಕೂಟರನ್ನೊಮ್ಮೆ ದಿಟ್ಟಿಸಿದರು. "ಹೋಗ್ಲಿ ಬಿಡಿ. ಮುಂದಿನ ಮನೆ ಇಳಿಜಾರಿನ ಕೆಳಗಡೆ ನೋಡೋಣ."