ಮೂವತ್ತೆರಡು ಸುತ್ತಿನ ಮಾವ

ನಳ್ಳಿಗೆ ನೀರು ಬಿಡುವ ವಾಲ್ವ್‌ಮ್ಯಾನೇ ಸೋದರಮಾವನಾದರೆ ಮಂಗಳೂರಿನಲ್ಲಿ ಎಂಥ ಬರ ಬಂದರೂ ಚಿಂತೆಯಿಲ್ಲ ಎಂದು ನೀವು ಭಾವಿಸಿದ್ದರೆ, ನಿಮಗೆ ನನ್ನ ಮಾವನ ಪರಿಚಯವಿಲ್ಲ! ಕಾವೂರಿನ ಗುಡ್ಡದ ತುದಿಯಲ್ಲಿರುವ ನಮ್ಮ ಮನೆಗೆ ನೀರು ಬರುವುದು ಎಲ್ಲರಿಗಿಂತ ಕೊನೆಗೆ. ಅಮ್ಮ ಒಮ್ಮೆ ಕೇಳಿಯೇಬಿಟ್ಟಳು: “ನೀನು ತಮ್ಮನಾಗಿ ಎಂತ ಪ್ರಯೋಜನ ಮಾರಾಯ?”

“ಅಕ್ಕನಿಗೆ ಬೇರೆ ಪೈಪು ಉಂಟಾ?” ಎಂದರು ಮಾವ. ಅಲ್ಲಿಗೆ ಸುಮ್ಮನಾಗದೆ, ಚಾ ಲೋಟ ತೊಳೆಯಲು ಅವಳು ಮೊಗೆದ ನೀರನ್ನು ನೋಡಿ, “ಅಷ್ಟು ಬೇಕಾ?” ಎಂದೂ ಸೇರಿಸಿದರು.

ಮಾವನ ಆಸ್ತಿ ಎಂದರೆ ವಾಲ್ವ್ ತಿರುಗಿಸುವ ಕೀ. ಎದೆಮಟ್ಟದ ಕಬ್ಬಿಣದ ಸರಳು, ಮೇಲೆ ಅಡ್ಡಹಿಡಿ. ಅದನ್ನು ಎಲ್ಲಿಯೂ ಬಿಟ್ಟುಹೋಗುವುದಿಲ್ಲ. ಕೊಟ್ಟಾರಕ್ಕೆ ಮದುವೆಗೆಂದು ಹೊರಟಾಗ ಬಸ್ಸಿನ ಕಂಡಕ್ಟರು ಕೇಳಿದ, “ಇದು ಯಾವ ಮನೆಯ ಕೀ ಅಣ್ಣ?”

“ಊರಿನದ್ದು.”

“ಹಾಗಾದರೆ ಊರಿಗೂ ಒಂದು ಟಿಕೆಟ್ ತೆಗೀರಿ!”

ಆ ಮದುವೆಯಲ್ಲಿ ಮಾವ ಊಟಕ್ಕೆ ಕೂತದ್ದಕ್ಕಿಂತ ಕೈತೊಳೆಯುವಲ್ಲಿ ನಿಂತದ್ದೇ ಹೆಚ್ಚು. ಒಬ್ಬೊಬ್ಬರ ಬೆನ್ನ ಹಿಂದಿನಿಂದ ಕೈ ಚಾಚಿ ನಳ್ಳಿ ಬಂದ್ ಮಾಡುತ್ತಿದ್ದರು. ಸಾಬೂನು ಹಚ್ಚಿಕೊಂಡವರ ಗತಿ? ಮದುಮಗನೂ ಅದರಲ್ಲಿ ಒಬ್ಬ!

ಇನ್ನು ಅವರ ಲೆಕ್ಕ. ನಮ್ಮ ಗುಡ್ಡದ ವಾಲ್ವಿಗೆ ಮೂವತ್ತೆರಡು ಸುತ್ತು. ನಾಲ್ಕು ಸುತ್ತು ತಿರುಗಿಸಿ ನಿಲ್ಲಬೇಕು, ನೂರರವರೆಗೆ ಎಣಿಸಬೇಕು, ಮತ್ತೆ ನಾಲ್ಕು. ನಡುವೆ ಯಾರಾದರೂ ಬಾಯಿ ತೆರೆದರೆ ಬಲಗೈ ಎತ್ತಿ ತಡೆಯುತ್ತಾರೆ. ಆದರೂ ಮಾತಾಡಿದರೆ ಮುಗಿಯಿತು. ಪೂರ್ತಿ ಬಂದ್ ಮಾಡಿ ಒಂದರಿಂದ ಶುರು! ವಾರ್ಡಿನ ಮೆಂಬರು ಒಮ್ಮೆ ಇಪ್ಪತ್ತೆಂಟನೇ ಸುತ್ತಿನಲ್ಲಿ ನಮಸ್ಕಾರ ಅಂದುಬಿಟ್ಟರು. ಅಂದಿನಿಂದ ಅವರು ದೂರದಿಂದಲೇ ಕೈ ಮುಗಿಯುತ್ತಾರೆ, ಶಬ್ದವಿಲ್ಲದೆ.

“ಇಷ್ಟು ನಿಧಾನ ಎಂತಕ್ಕೆ ಮಾವ?” ಎಂದು ನಾನೂ ಕೇಳಿದ್ದೆ.

“ಖಾಲಿ ಪೈಪಿನಲ್ಲಿ ಗಾಳಿ ಕೂತಿರ್ತದೆ. ಅದಕ್ಕೆ ಎದ್ದು ಹೋಗಲಿಕ್ಕೆ ಸಮಯ ಕೊಡಬೇಕು. ದೂಡಿದರೆ ಪೈಪೇ ಒಡೀತದೆ.” ಹೀಗೆಂದು ಕೀಗೆ ಕಿವಿ ಹಚ್ಚಿ ಕೂತರು. “ಹಾಂ, ಈಗ ಐಸಮ್ಮನ ಡ್ರಮ್ಮಿಗೆ ಬಿತ್ತು.” ಐಸಮ್ಮ ನಮ್ಮ ಪಕ್ಕದ ಮನೆಯವರು. ನಾನು ಫೋನ್ ಮಾಡಿ ನೋಡಿದೆ. ಬಿದ್ದಿತ್ತು!

ಈ ವರ್ಷ ಅಣೆಕಟ್ಟಿನಲ್ಲಿ ನೀರು ತಳ ಹಿಡಿದಾಗ ದಿನ ಬಿಟ್ಟು ದಿನ ನೀರು ಎಂದಾಯಿತು. ಒಂದು ದಿನ ಪೇಟೆಯ ಅರ್ಧಕ್ಕೆ, ಮರುದಿನ ಇನ್ನರ್ಧಕ್ಕೆ. ಒಂದು ಸರದಿ ತಪ್ಪಿದರೆ ಇನ್ನೆರಡು ದಿನ ಕಾಯಬೇಕು.

ಮುಂದಿನದ್ದನ್ನು ನಾನು ತಪ್ಪಿಲ್ಲದೆ ಹೇಳಬೇಕು. ನಮ್ಮ ಸರದಿಯ ಬೆಳಿಗ್ಗೆ ಮಾವನ ಸೊಂಟ ಹಿಡಿಯಿತು. ಗುಡ್ಡದ ಬುಡದಲ್ಲಿ, ವಾಲ್ವಿನ ಗುಂಡಿಯ ಹತ್ತಿರವೇ ಅವರ ಮನೆ. ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಕೀಯನ್ನು ನನ್ನ ಕೈಗೆ ಕೊಟ್ಟರು. “ನಾಲ್ಕು ಸುತ್ತು, ನೂರು. ಅವಸರ ಬೇಡ.”

ಎಂಟು ಸುತ್ತಾಗಿತ್ತು. ಅಮ್ಮನ ಫೋನ್ ಬಂತು. “ನೀರೆಲ್ಲಿ ಮಾರಾಯ? ಐಸಮ್ಮನಲ್ಲಿ ಬಾಣಂತಿ ಉಂಟು, ಒಂಬತ್ತು ದಿನದ ಮಗು. ನಿನ್ನೆಯಿಂದ ಅವಳಿಗೆ ಸ್ನಾನ ಇಲ್ಲ.”

ಉಳಿದ ಇಪ್ಪತ್ತನಾಲ್ಕು ಸುತ್ತನ್ನು ನಾನು ಒಂದೇ ಉಸಿರಿಗೆ ತಿರುಗಿಸಿದೆ. ಕೀ ಕೈಯಲ್ಲಿ ನಡುಗಿತು. ಸ್ವಲ್ಪ ಹೊತ್ತಿಗೆ ಮೇಲಿನ ತಿರುವಿನಲ್ಲಿ ಧಡ್ ಎಂದಿತು. ಗುಡ್ಡದ ಎರಡು ದಿನದ ನೀರು ಕೆಂಪಾಗಿ ರಸ್ತೆಯಲ್ಲಿ ಇಳಿಯತೊಡಗಿತು. ತಿರುಗಿಸಿ ಬಂದ್ ಮಾಡುವಷ್ಟರಲ್ಲಿ ಚಪ್ಪಲಿಯ ಮೇಲೆ ಹರಿದುಹೋಯಿತು.

ಓಡಿ ಮಾವನಿಗೆ ಹೇಳಿದೆ. ಅಷ್ಟರಲ್ಲಿ ಕೊಡಪಾನ ಹಿಡಿದವರು ಅಂಗಳದಲ್ಲಿ ಸೇರಿದ್ದರು. ಎಲ್ಲರ ಮುಂದೆ ಐಸಮ್ಮ. ಮಾವ ಗೋಡೆ ಹಿಡಿದು, ಬಾಗಿಕೊಂಡೇ ಬಾಗಿಲಿಗೆ ಬಂದರು.

“ಎಂತ ಆಯ್ತು ಅಣ್ಣ?”

ನಾನು ಹಿಂದಿನಿಂದ ಬಾಯಿ ತೆರೆದೆ. ಮಾವನ ಬಲಗೈ ಮೇಲೆದ್ದಿತು. ಎಣಿಸುವಾಗ ಏಳುವ ಅದೇ ಕೈ.

“ಲೆಕ್ಕ ತಪ್ಪಿತು ಐಸಮ್ಮ. ನನಗೇ.”

“ನಿಮಗಾ?” ಐಸಮ್ಮನಿಗೆ ನಂಬಿಕೆ ಬರಲಿಲ್ಲ. “ನಮಸ್ಕಾರ ಅಂದ್ರೆ ವಾಪಸ್ ಒಂದಕ್ಕೆ ಹೋಗುವ ಜನ ನೀವು!”

“ವಯಸ್ಸಾಯಿತಲ್ಲ,” ಎಂದರು ಮಾವ. ಅಂಗಳದಲ್ಲಿ ಯಾರೋ ನಕ್ಕರು, ಯಾರೋ ಬೈದರು. ಅವರು ಎರಡನ್ನೂ ನಿಂತು ಕೇಳಿಸಿಕೊಂಡರು. ಜನ ಚದುರಿದ ಮೇಲೆ ನನ್ನ ಕಡೆ ತಿರುಗಿ, “ನನ್ನ ಡ್ರಮ್ಮಿನಲ್ಲಿ ನೀರುಂಟು. ಬಾಣಂತಿಗೆ ಮುಟ್ಟಿಸು,” ಎಂದರು.

ನಾಲ್ಕು ಸಲ ಗುಡ್ಡ ಹತ್ತಿದೆ. ಕೊನೆಯ ಸಲ ಡ್ರಮ್ಮಿನ ತಳ ಕಂಡಿತು. “ನನ್ನ ಹೆಸರು ಹೇಳಬಹುದಿತ್ತಲ್ಲ ಮಾವ?” ಎಂದೆ.

“ನನಗೆ ಬೈಸಿಕೊಂಡು ಅಭ್ಯಾಸ ಉಂಟು ಮಾರಾಯ.”

ಪೈಪು ರಿಪೇರಿಯಾಗಿ ಮುಂದಿನ ಸರದಿ ಬಂತು. ಮಾವ ಕೋಲೂರಿಕೊಂಡು ಗುಂಡಿಯವರೆಗೆ ಬಂದರು, ಕೀಯನ್ನು ಮತ್ತೆ ನನಗೇ ಕೊಟ್ಟರು, ತಾವು ಕಲ್ಲಿನ ಮೇಲೆ ಕೂತರು. ನಾನು ತಿರುಗಿಸತೊಡಗಿದೆ. ಹನ್ನೆರಡನೆಯ ಸುತ್ತಿನಲ್ಲಿ ರಸ್ತೆಯಿಂದ ಯಾರೋ ಕೂಗಿದರು: “ಇವತ್ತಾದರೂ ಲೆಕ್ಕ ಸರಿ ಉಂಟಲ್ಲ ಅಣ್ಣ?”

ಮಾವ ನಕ್ಕು ಅವರತ್ತ ಕೈ ಬೀಸಿದರು.

ನಾನು ಪೂರ್ತಿ ಬಂದ್ ಮಾಡಿ, ಒಂದರಿಂದ ಶುರುಮಾಡಿದೆ.