ಮಾವನ ಸೈಕಲ್ಲಿಗೆ ಬಿದ್ರಿ ಬಣ್ಣ

"ನವೆಂಬರ ಒಂದಕ್ಕ ಬೀದರ ಮೈಸೂರ ರಾಜ್ಯದಾಗ ಸೇರ್ತದ. ಅವತ್ತಿನ ಮೆರವಣಿಗಿ ಮುಂದ ಯಾರ ಸೈಕಲ್ ಇರ್ತದ ಹೇಳು? ನಿಮ್ಮಪ್ಪಂದು! ಬಿದ್ರಿ ಹುಕ್ಕಾದಂಗ ಕರ್ರಗ ಮಿಂಚಬೇಕು. ಹಂಗ ಮಾಡಲಿಲ್ಲಂದ್ರ ನನ್ನ ಹೆಸರು ಮಚ್ಛೇಂದ್ರನೇ ಅಲ್ಲ!"

ತಹಸೀಲ ಕಚೇರಿಯ ಗುಮಾಸ್ತ ಮಚ್ಛೇಂದ್ರ ಅಂಗಳದಲ್ಲಿ ನಿಂತು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರು. ಹೆಂಡತಿ ಶಾಲುಬಾಯಿ, ಮತ್ತು ಬಾವಿಕಟ್ಟೆಯ ಮೇಲಿನ ಒಂದು ಕಾಗೆ. ಕಾಗೆ ಹಾರಿಹೋಯಿತು. ಶಾಲುಬಾಯಿಗೆ ಆ ಅನುಕೂಲ ಇರಲಿಲ್ಲ.

"ಹಂಗಾದ್ರ ನಿಮಗ ಹೊಸಾ ಹೆಸರೊಂದು ಹುಡುಕಿ ಇಡ್ತೇನಿ ತಗೋರಿ" ಎಂದಳು ಅವಳು.

ಅವಳ ಮಾತಿಗೂ ಕಾರಣವಿತ್ತು. ಮಚ್ಛೇಂದ್ರ ಒಳ್ಳೆಯವನೇ, ಆದರೆ ಅವನಿಗೆ ಕುತೂಹಲವೆಂಬ ವಾಸಿಯಾಗದ ಕಾಯಿಲೆ. ಯಾವ ವಸ್ತು ಕಂಡರೂ ಒಳಗೇನಿದೆ ಎಂದು ನೋಡಲೇಬೇಕು. ಗೋಡೆ ಗಡಿಯಾರ ಬಿಚ್ಚಿದ, ಅದು ಮತ್ತೆ ಗೋಡೆ ಏರಲಿಲ್ಲ. ಕಂದೀಲು ಬಿಚ್ಚಿದ, ಮನೆ ಕತ್ತಲಾಯಿತು. ಬೀಸುವ ಕಲ್ಲಿನಲ್ಲಿ ಬಿಚ್ಚಲು ಏನೂ ಇಲ್ಲವಾದ್ದರಿಂದ ಅದೊಂದು ಬಚಾವಾಗಿತ್ತು. ಈ ಕಾಯಿಲೆ ಬಲಿತು ಕೊನೆಗೆ ಹಳೆಯ ವಿಲಾಯತಿ ಸೈಕಲ್ಲುಗಳ ಮೇಲೆ ಬಂದು ಕೂತಿತು. ಜೊತೆಗೆ ಪಕ್ಕದ ಮನೆಯ ಬಳೆ ಅಂಗಡಿ ಗುಲಾಮ ರಸೂಲ ಬೇರೆ ಸಿಕ್ಕಿದ. ಅವನಿಗೂ ಅದೇ ಹುಚ್ಚು. ಭಾನುವಾರ ಬಂತೆಂದರೆ ಇಬ್ಬರೂ ಅವನ ಬಳಿಯಿದ್ದ ಎರಡು ಹಳೇ ಸೈಕಲ್ ಏರಿ ಬಗದಲ್ ಹಳ್ಳಿಯ ಕಡೆ ಹೊರಡುವರು. ತುಳಿಯುವುದು ಸ್ವಲ್ಪ. ಇಳಿದು ನಿಂತು, ಆ ಸೈಕಲ್ಲುಗಳನ್ನು ಹೊಗಳುವುದೇ ಜಾಸ್ತಿ.

"ಈಗಿನವು ಸೈಕಲ್ಲೇನು ಭೈ? ತಗಡು!" ಎನ್ನುವನು ಗುಲಾಮ ರಸೂಲ.

"ಬಿಲ್ಕುಲ್ ತಗಡು!" ಎನ್ನುವನು ಮಚ್ಛೇಂದ್ರ.

ಆದರೆ ಮಚ್ಛೇಂದ್ರನ ಕಣ್ಣು ಇದ್ದದ್ದು ಭಾಲ್ಕಿಯಲ್ಲಿದ್ದ ಮಾವನ ಸೈಕಲ್ ಮೇಲೆ. ಮಾವ ಕಾಶೀರಾಮರು ನಿಜಾಮರ ಕಾಲದಲ್ಲಿ ಔರಾದ ತಾಲೂಕಿನ ಹಳ್ಳಿ ಹಳ್ಳಿ ಸುತ್ತಿ ಸಿಡುಬು ಏಳದಿರಲೆಂದು ಮಕ್ಕಳ ರಟ್ಟೆಗೆ ದೇವಿ ಚುಚ್ಚುತ್ತಿದ್ದವರು. ರೈಲು ಹಳಿ ಹಾಕಿಸಲು ಬಂದಿದ್ದ ಇಂಗ್ಲಿಷ್ ಸಾಹೇಬನೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದ ಉಕ್ಕಿನ ಸೈಕಲ್ ಅದು. ಚಿಂತಾಕಿಯಲ್ಲಿ ಅದರ ಗಂಟೆ ಕೇಳಿದರೆ ಸಾಕು, ಮಕ್ಕಳು ಕಣಜದೊಳಗೆ ಅಡಗುತ್ತಿದ್ದರಂತೆ. ಡಾಬಕಾದಲ್ಲಿ ದೊಡ್ಡವರೂ ಅಡಗುತ್ತಿದ್ದರಂತೆ! ವರ್ಷವಿಡೀ ಗೋಗರೆದ ಮೇಲೆ ಕಾಶೀರಾಮರು ಅದನ್ನು ರಿಪೇರಿಗೆಂದು ಅಳಿಯನ ಕೈಗಿಟ್ಟಿದ್ದರು.

"ಅಳಿಯಂದ್ರ, ಮಗಳನ್ನ ಕೊಟ್ಟಾಗ ನಾ ಏನೂ ಶರ್ತು ಹಾಕಿಲ್ಲ. ಇದಕ್ಕ ಹಾಕ್ತೇನಿ. ಮೆರವಣಿಗಿ ದಿನ ಬಂದು ನಾನೇ ಇದನ್ನ ಹೊಡೀತೇನಿ. ಇದಕ್ಕ ಏನರ ಆಗಿತ್ತಂದ್ರ, ಸೈಕಲ್ ಒಂದೇ ಅಲ್ಲ, ಮಗಳನ್ನೂ ಕರ್ಕೊಂಡು ಹೋಗ್ತೇನಿ."

ಹೇಳುವಾಗ ಅವರು ನಕ್ಕಿರಲಿಲ್ಲ. ಮಚ್ಛೇಂದ್ರ ಮಾತ್ರ ನಕ್ಕಿದ್ದ.

ಸೈಕಲ್ ಮನೆಗೆ ಬಂತು. ಬಂದ ದಿನವೇ ಬಿಚ್ಚಿಕೊಂಡು ಮನೆಯ ತುಂಬ ಹರಡಿತು. ಸರಪಳಿ ಉಪ್ಪಿನಕಾಯಿ ಭರಣಿಯಲ್ಲಿ ಸೀಮೆಎಣ್ಣೆ ಕುಡಿಯುತ್ತ ಮಲಗಿತು. ಚೌಕಟ್ಟನ್ನು ನೇತುಹಾಕಲು ಬೇರೆಲ್ಲೂ ಕೊಂಡಿ ಸಿಗದೆ ತೊಟ್ಟಿಲು ಕಟ್ಟುವ ಕೊಂಡಿಗೇ ಕಟ್ಟಿದ. ತೊಟ್ಟಿಲ ಕೊಂಡಿಗೆ ಏನೋ ಕಟ್ಟಿದ್ದಾರೆಂಬ ಸುದ್ದಿ ಓಣಿಯಲ್ಲಿ ಹಬ್ಬಿ, ನಾಲ್ಕು ಮಂದಿ ಹೆಂಗಸರು ಕುಪ್ಪಸದ ಖಣ ಹಿಡಿದು ಶಾಲುಬಾಯಿಯ ಉಡಿ ತುಂಬಲು ಬಂದೇಬಿಟ್ಟರು! ಅವಳು ನಾಚಿಕೆಯಿಂದ ಕೆಂಪಾದಳು, ಅವರು ಹೋದ ಮೇಲೆ ಸಿಟ್ಟಿನಿಂದ ಇನ್ನಷ್ಟು ಕೆಂಪಾದಳು.

ಅವತ್ತು ಊಟಕ್ಕೆ ಕೂತಾಗ ಬೇಳೆಯಲ್ಲಿ ಏನೋ ಕಟ್ಟೆಂದಿತು.

"ಹಲ್ಲು ಹೋಯ್ತೇನ್ರಿ?" ಎಂದು ಗಾಬರಿಯಾದಳು ಶಾಲುಬಾಯಿ.

ಮಚ್ಛೇಂದ್ರ ಬಾಯಿಂದ ಉಕ್ಕಿನ ಗುಂಡೊಂದನ್ನು ತೆಗೆದು ದೀಪಕ್ಕೆ ಹಿಡಿದು ಅರಳಿದ. "ಇಲ್ಲೇ ಅದ ನೋಡು! ಮುಂದಿನ ಗಾಲಿದು. ಮುಂಜಾನಿಂದ ಹುಡುಕ್ಲಕತ್ತಿದ್ದೆ!"

ಹಳೇ ಬಣ್ಣವನ್ನೆಲ್ಲ ಮರಳು ಕಾಗದದಿಂದ ತಿಕ್ಕಿ ತಿಕ್ಕಿ, ಸೈಕಲ್ ಬರಿಮೈಯಾಗಿ ನಿಂತಿತು. ಇನ್ನು ಕಪ್ಪು ಬಣ್ಣ ಬಳಿದರೆ ಮುಗಿಯಿತು. ಅಂಗಡಿಗೆ ಹೋಗಿ ಡಬ್ಬಿ ತಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಚ್ಛೇಂದ್ರನ ತಲೆಯಲ್ಲಿ ಅಷ್ಟರಲ್ಲಿ ಒಂದು ದಿವ್ಯ ಯೋಚನೆ ಹೊಳೆದಿತ್ತು.

"ಡಬ್ಬಿ ಬಣ್ಣ ಯಾವ ಊರಾನವರೂ ಬಡೀತಾರ. ನಾವು ಬೀದರದವ್ರು! ನಮ್ಮ ಕೋಟೆ ಮಣ್ಣು ಇರ್ಬೇಕಾದ್ರ ಡಬ್ಬಿ ಯಾಕ ಬೇಕು?"

ಬೀದರದಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ. ಬಿದ್ರಿ ಕೆಲಸದವರು ಬೆಳ್ಳಿ ಕೂರಿಸಿದ ಹೂಜಿ, ಹುಕ್ಕಾಗಳಿಗೆ ಹಳೇ ಕೋಟೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ಕುದಿಸಿ ಹಚ್ಚುತ್ತಾರೆ. ಹಚ್ಚಿದ ಕೂಡಲೇ ಪಾತ್ರೆ ಕಾಡಿಗೆಯಂತೆ ಕಪ್ಪಾಗುತ್ತದೆ. ಆ ಕಪ್ಪು ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೂ ಹೋಗುವುದಿಲ್ಲ. ಪಾತ್ರೆಗೆ ಆಗುವುದು ಸೈಕಲ್ಲಿಗೆ ಯಾಕಾಗಬಾರದು?

"ವಾಹ್!" ಎಂದು ಗುಲಾಮ ರಸೂಲ ಎದ್ದೇ ನಿಂತ. "ಇಷ್ಟು ದಿನ ಯಾರ ತಲಿಗೂ ಇದು ಯಾಕ ಬಂದಿಲ್ಲ ಭೈ?"

"ಬಿದ್ರಿ ಸಾಮಾನು ಸತುವಿಂದಲ್ಲೇನ್ರಿ?" ಎಂದಳು ಶಾಲುಬಾಯಿ ಒಳಗಿನಿಂದ. "ಇದು ಉಕ್ಕು."

ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಹೆಂಗಸರಿಗೆ ವಿಜ್ಞಾನ ಎಲ್ಲಿ ತಿಳಿಯಬೇಕು!

"ಧಾತು ಅಂದ್ರ ಧಾತು, ಭಾಭಿ" ಎಂದ ಗುಲಾಮ ರಸೂಲ.

"ನೋಡೋಣಲ್ಲಾ, ಏನಾಗ್ತದ!" ಎಂದ ಮಚ್ಛೇಂದ್ರ. ಗಡಿಯಾರ ಬಿಚ್ಚುವ ಮೊದಲು ಅವನು ಹೇಳಿದ್ದೂ ಇದೇ ಮಾತು.

ಮೆರವಣಿಗೆಯ ಹಿಂದಿನ ದಿನ ಗುಲಾಮ ರಸೂಲನ ಹೆಂಡತಿ ಅನ್ವರಿ ಬೇಗಂಳ ಬಿರಿಯಾನಿ ಹಂಡೆಯಲ್ಲಿ ಕೋಟೆಯ ಮಣ್ಣು ಕೊತಕೊತ ಕುದಿಯಿತು. ಗೆಳೆಯರು ಧೋತರ ಎತ್ತಿ ಕಟ್ಟಿ, ಚೌಕಟ್ಟು, ಗಾಲಿ, ಹಿಡಿಕೆ, ಸರಪಳಿ ಯಾವುದನ್ನೂ ಬಿಡದೆ ಬಳಿದರು. ಬಳಿದದ್ದೇ ತಡ, ಕಪ್ಪಾಯಿತು!

"ಆಯ್ತು ಭೈ!"

"ಆಯ್ತು!"

ಇಬ್ಬರೂ ಅಪ್ಪಿಕೊಂಡರು. ಹಸಿ ಮಣ್ಣನ್ನು ಎಮ್ಮೆಗೆ ಬಳಿದರೂ ಗೋಡೆಗೆ ಬಳಿದರೂ ಕಪ್ಪೇ ಕಾಣುತ್ತದೆ ಎಂಬುದು ಆ ಸಂಭ್ರಮದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಬಣ್ಣ ಚೆನ್ನಾಗಿ ಹಿಡಿಯಲಿ ಎಂದು ಒದ್ದೆ ಗೋಣಿಚೀಲ ಸುತ್ತಿ, ನವಸಾಗರದ ನೀರನ್ನು ಮೇಲೆ ಇನ್ನಷ್ಟು ಸುರಿದು, ಸೈಕಲ್ಲನ್ನು ಮಲಗಿಸಿ ತಾವೂ ಹೋಗಿ ಮಲಗಿದರು.

ಬೆಳಗಾಯಿತು. ಊರ ತುಂಬ ತಳಿರು ತೋರಣ, ಬಾಜಾ ಬಜಂತ್ರಿ. ಮಚ್ಛೇಂದ್ರ ಅಂಗಳಕ್ಕೆ ಓಡಿಬಂದು ಗೋಣಿ ಸರಿಸಿದ.

ಸೈಕಲ್ ಕೆಂಪಗಾಗಿತ್ತು! ತುದಿಯಿಂದ ಬುಡದವರೆಗೆ, ಜಾಜು ಬಳಿದ ಗೋಡೆಯ ಹಾಗೆ, ಒಂದಿಂಚೂ ಬಿಡದೆ ತುಕ್ಕು!

ಗುಲಾಮ ರಸೂಲ ಗಡ್ಡ ಕೆರೆದುಕೊಂಡ. "ಮೊದಲು ಕೆಂಪಾಗಿ, ಆಮ್ಯಾಲ ಕರ್ರಗ ಆಗ್ತದೇನೋ ಭೈ. ನೋಡೋಣ."

ನೋಡಿದರು. ಬಿಸಿಲೇರಿದಂತೆ ಇನ್ನಷ್ಟು ಕೆಂಪಾಯಿತು. ಗಡಿಬಿಡಿಯಲ್ಲಿ ಜೋಡಿಸಿ ನಿಲ್ಲಿಸುವಷ್ಟರಲ್ಲಿ ಟಾಂಗಾದ ಸದ್ದು ಕೇಳಿತು. ಗುಲಾಮ ರಸೂಲನಿಗೆ ಥಟ್ಟನೆ ತನ್ನ ಬಳೆ ಅಂಗಡಿಯ ನೆನಪಾಗಿ, ಹಿತ್ತಲಿನಿಂದಲೇ ಹೊರಟುಹೋದ.

ಕಾಶೀರಾಮರು ಒಳಗೆ ಬಂದರು. ಇಸ್ತ್ರಿ ಮಾಡಿದ ಕೋಟು, ದೇವಿ ಹಾಕುವ ಕಾಲದ ಖಾಕಿ ಟೋಪಿ. ಸೈಕಲ್ ಸುತ್ತ ಒಂದು ಪ್ರದಕ್ಷಿಣೆ ಬಂದರು. ಚೌಕಟ್ಟಿನ ಮೇಲೆ ಕೈಯಾಡಿಸಿ, ಕೆಂಪಾದ ಅಂಗೈಯನ್ನು ನೋಡಿಕೊಂಡರು.

"ಇದಕ್ಕ ದೇವಿ ಎದ್ದಾವ" ಎಂದರು.

ಅಷ್ಟೇ. ಬೈದಿದ್ದರೆ ಮಚ್ಛೇಂದ್ರನಿಗೆ ಹಗುರಾಗುತ್ತಿತ್ತು. ಅವರು ಟೋಪಿ ಸರಿಮಾಡಿಕೊಂಡು ಮೆರವಣಿಗೆಗೆ ನಡೆದೇ ಹೋದರು. ದಾರಿಯಲ್ಲಿ ಪರಿಚಯದವರು ಸೈಕಲ್ ಎಲ್ಲಿ ಎಂದು ಕೇಳಿದರೆ, "ಅದಕ್ಕ ಮೈಯಾಗ ಆರಾಮಿಲ್ಲ" ಎನ್ನುತ್ತಿದ್ದರಂತೆ. ಹಿಂದೆ ನಡೆಯುತ್ತಿದ್ದ ಮಚ್ಛೇಂದ್ರ ಇಂಗು ತಿಂದ ಮಂಗನಂತಾಗಿದ್ದ. ಎಲ್ಲರೂ ಹೊಸ ರಾಜ್ಯಕ್ಕೆ ಜೈ ಎನ್ನುವಾಗ ಅವನ ಗಂಟಲಿನಿಂದ ಅರ್ಧ ಜೈ ಮಾತ್ರ ಹೊರಬಿತ್ತು.

ಮನೆಗೆ ಬಂದವರೇ ಕಾಶೀರಾಮರು, "ಶಾಲೂ, ಗಂಟು ಕಟ್ಟವ್ವ" ಎಂದರು. ಮಚ್ಛೇಂದ್ರ ಅವರ ಕಾಲು ಹಿಡಿದ.

"ಮಾವನವರ, ತಪ್ಪಾಗ್ಯದ. ಎರಡೂ ಒಯ್ಬ್ಯಾಡ್ರಿ!"

ಮುದುಕರ ಮನಸ್ಸು ಸ್ವಲ್ಪ ಕರಗಿತು. "ಆಯ್ತೇಳ್ರಿ. ಒಂದು ಬಿಟ್ಟು ಹೋಗ್ತೇನಿ. ಯಾವುದು ಬೇಕು?"

ಇದೂ ಒಂದು ಪ್ರಶ್ನೆಯೇ? "ಶಾಲೂನ್ನ ಬಿಟ್ಟು ಹೋಗ್ರಿ!" ಎಂದು ಅವನ ಬಾಯಿ ಹೇಳಿಯೇ ಹೇಳಿತು. ಆದರೆ ಬಾಯಿ ತೆರೆಯುವ ಮೊದಲು, ಒಂದೇ ಒಂದು ಗಳಿಗೆ, ಅವನ ಕಣ್ಣು ಸೈಕಲ್ ಕಡೆ ಹೋಗಿಬಂದಿತ್ತು. ಆ ತುಕ್ಕಿಗೆ ಹುಣಸೆಹಣ್ಣು ತಿಕ್ಕಿದರೆ ಏನಾಗಬಹುದು ಎಂಬ ಹಾಳು ಕುತೂಹಲ!

ಶಾಲುಬಾಯಿ ನೋಡಿಬಿಟ್ಟಳು.

"ನಿಮ್ಮ ಬಾಯಿ ಆಮ್ಯಾಲ ಹೇಳ್ತು. ಕಣ್ಣು ಮೊದಲೇ ಹೇಳ್ಯಾವ" ಎಂದಳು. "ನಡೀರಿ ಅಪ್ಪಾ. ಅದನ್ನ ಇವರಿಗೇ ಇರ್ಲಿಕ್ಕ ಬಿಡ್ರಿ. ದೀಪಾವಳಿಗಿ ಆರತಿ ಅದೇ ಮಾಡ್ಲಿ."

ಅಪ್ಪ ಮಗಳು ಭಾಲ್ಕಿಯ ರೈಲು ಹತ್ತಿದರು. ಮನೆ ಬಿಕೋ ಎಂದಿತು. ಬೇಳೆಯಲ್ಲಿ ಗುಂಡು ಸಿಕ್ಕರೂ ತೋರಿಸಲು ಯಾರೂ ಇಲ್ಲ, ಬೈಯಲು ಯಾರೂ ಇಲ್ಲ. ಬೇಕಾದಷ್ಟು ಹುಣಸೆಹಣ್ಣಿತ್ತು, ಮುಟ್ಟಲು ಮನಸ್ಸಾಗಲಿಲ್ಲ. ಅವಳಿಲ್ಲದೆ ತನಗೆ ಯಾವ ಕುತೂಹಲವೂ ಇಲ್ಲ ಎಂಬುದು ಗೊತ್ತಾಗಿ ಮಚ್ಛೇಂದ್ರ ನಿಜವಾಗಿ ಹೆದರಿದ. ಮರುದಿನ ಬೆಳಿಗ್ಗೆಯೇ ಸೈಕಲ್ ಹೊರಗೆ ತೆಗೆದ.

"ರೈಲಿಗಿ ಹೋಗ್ರಿ ಭೈ" ಎಂದ ಗುಲಾಮ ರಸೂಲ, ಹಂಡೆ ತಿಕ್ಕುತ್ತ. ಅನ್ವರಿ ಬೇಗಂ ಅವನಿಗೂ ತಕ್ಕ ಶಿಕ್ಷೆ ವಿಧಿಸಿದ್ದಳು.

"ಇಲ್ಲ! ಇದು ಓಡ್ತದಂತ ಮಾವನವರಿಗಿ ತೋರಿಸಬೇಕು!"

ಓಡಿತು. ನವಸಾಗರ ಕುಡಿದ ಸರಪಳಿ ಕಿರ್ರೋ ಎಂದು ಚೀರುತ್ತ ಓಡಿತು. ದಾರಿಯ ನಾಯಿಗಳೆಲ್ಲ ಬೀಳ್ಕೊಟ್ಟವು. ಅರ್ಧ ದಾರಿಗೆ ಬಂದಾಗ ಸರಪಳಿ ಫಟ್ಟನೆ ಹರಿಯಿತು. ನೂಕಿಕೊಂಡು ನಡೆಯುವಾಗ, ದೀಪಾವಳಿ ಹಬ್ಬಕ್ಕೆಂದು ಭಾಲ್ಕಿಗೆ ಹೊರಟ ಸಂಸಾರವೊಂದರ ಎತ್ತಿನ ಗಾಡಿ ಸಿಕ್ಕಿತು. ಗಾಡಿ ತುಂಬ ಜನ, ಗಂಟು, ಮಡಕೆ.

"ನೀವೊಬ್ರು ಆದ್ರ ಕೂಡ್ರಿ. ಸೈಕಲ್ಲಿಗಿ ಜಾಗ ಇಲ್ರಿ" ಎಂದ ಗಾಡಿಯವನು.

ಈ ಸಲ ಮಚ್ಛೇಂದ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಹಿಂದಿರುಗಿಯೂ ನೋಡದೆ ಗಾಡಿ ಹತ್ತಿದ. ತನ್ನ ಈ ಮಹಾತ್ಯಾಗಕ್ಕೆ ತಾನೇ ಮೆಚ್ಚಿ ಅವನ ಕಣ್ಣು ತುಂಬಿತು.

ಭಾಲ್ಕಿಯ ಮನೆಯ ಬಾಗಿಲಲ್ಲಿ ಅತ್ತೆ ಸುಭದ್ರಾಬಾಯಿ ಅಳಿಯನನ್ನು ಕಂಡು ಒಳಗೆ ಕೂಗಿದರು. ಶಾಲುಬಾಯಿ ಕಾಲಿಗೆ ನೀರು ತಂದಳು, ಎಷ್ಟಾದರೂ ಹಬ್ಬದ ಅಳಿಯ. ಮೈಯೆಲ್ಲ ತುಕ್ಕು ಬಳಿದುಕೊಂಡು ನಿಂತಿದ್ದ ಮಚ್ಛೇಂದ್ರ ಎದೆಯುಬ್ಬಿಸಿದ.

"ಶಾಲೂ! ನನಗ ನೀನೇ ಬೇಕು! ಅದಕ್ಕೇ ಸೈಕಲ್ ರಸ್ತಾದ ಬಾಜೂಕ, ಬೇವಿನ ಗಿಡದ ಬುಡಕ್ಕ ಬಿಟ್ಟು ಬಂದೇನಿ!"

ಅವಳು ಅಳಬಹುದು ಎಂದುಕೊಂಡಿದ್ದ. ಅವಳು ನೀರಿನ ಚೆಂಬನ್ನು ಹಿಂದಕ್ಕೆ ಎಳೆದುಕೊಂಡಳು.

"ಏನಂದ್ರಿ? ನಮ್ಮಪ್ಪನ ಸೈಕಲ್ ರಸ್ತಾದಾಗ ಬಿಟ್ಟು ಬಂದೀರಿ? ಬುದ್ಧಿ ಅದ ಏನು ನಿಮಗ? ಮೊದಲ ಹೋಗಿ ತರ್ರಿ! ಕಾಲು ಆಮ್ಯಾಲ ತೊಳಕೊಳ್ಳೀರಂತ!"

ಒಳಗಿನಿಂದ ಕಾಶೀರಾಮರ ಕೆಮ್ಮು ಕೇಳಿಸಿತು. ಆ ಕೆಮ್ಮಿನಲ್ಲಿ ಸ್ವಲ್ಪ ನಗು ಬೆರೆತಿತ್ತೋ ಏನೋ. ಮಚ್ಛೇಂದ್ರ ಬಂದ ದಾರಿಗೆ ತಿರುಗಿದ. ಓಣಿ ದಾಟುವಷ್ಟರಲ್ಲಿ ಹಿಂದೆ ಬಳೆಯ ಸದ್ದಾಯಿತು. ಶಾಲುಬಾಯಿ ಸೆರಗು ಸಿಕ್ಕಿಸಿಕೊಂಡು, ಬುತ್ತಿ ಗಂಟು ಹಿಡಿದು ದಾಪುಗಾಲು ಹಾಕಿ ಬರುತ್ತಿದ್ದಳು.

"ನೀನೂ ಬರ್ತಿಯೇನು, ಶಾಲೂ?" ಎಂದ ಅವನು.

"ಬರ್ದೇ ಏನ್ ಮಾಡ್ಲಿ? ಒಬ್ಬರನ್ನೇ ಬಿಟ್ರ ಗಿಡದ ಬುಡಕ್ಕ ಕೂತು ಮತ್ತ ಬಿಚ್ಚಲಾಕ ಶುರು ಮಾಡ್ತೀರಿ!"