ಐದು ತಲೆಯ ರಾವಣ, ಮೂರು ಗುಂಡಿಯ ಗಾಲ್ಫು

ಅಂಜನಮ್ಮನವರು ಆನೇಕಲ್ಲಿನಿಂದ ಮಗಳ ಮನೆಗೆ ಬರುತ್ತಾ, ಕಾಡುಗೋಡಿಯಲ್ಲಿ ಬಸ್ಸಿಳಿಯುವಾಗ ಎದುರಿನ ಗೋಡೆಯನ್ನು ನೋಡದೇ ಇದ್ದಿದ್ದರೆ ಶ್ಯಾಮಣ್ಣನಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ನೋಡಿಬಿಟ್ಟರು. ಗೋಡೆಯ ಮೇಲೆ ಎಮ್ಮೆಗಾತ್ರದ ಅಕ್ಷರಗಳಲ್ಲಿ ಬರೆದಿತ್ತು: 'ಮುನೇಶ್ವರ ವಿನೋದ ವನ. ಫಾರಿನ್ ಮಾದರಿ ಪುಟಾಣಿ ಗಾಲ್ಫ್. ಸಂಸಾರ ಸಮೇತ ಬನ್ನಿ!'

"ಅಳಿಯಂದ್ರೇ, ಆ ಚೆಂಡನ್ನ ಗುಂಡಿಗೆ ಹಾಕೋವರ್ಗೂ ನಾನು ಆನೇಕಲ್‌ಗೆ ವಾಪಸ್ ಹೋಗಲ್ಲ," ಎಂದು ಅಲ್ಲೇ, ಬಸ್ಸಿನ ಮೆಟ್ಟಿಲ ಮೇಲೇ ಘೋಷಿಸಿದರು.

ಶ್ಯಾಮಣ್ಣನಿಗಿದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಅತ್ತೆ ಬಂದ ದಿನದಿಂದ ಅವನ ಹಾಸಿಗೆ ಮುಂಬಾಗಿಲಿಗೆ ವರ್ಗವಾಗಿತ್ತು. ತಲೆ ಸೈಕಲ್ಲಿನ ಚಕ್ರಕ್ಕೆ, ಬೆನ್ನು ರಂಗೋಲಿಗೆ. ಬೆಳಿಗ್ಗೆ ಎದ್ದು ಫ್ಯಾಕ್ಟರಿಗೆ ಹೋದರೆ ಜೊತೆಯವರು, "ಏನ್ ಗುರು, ಬೆನ್ನ ಮೇಲೆ ನವಿಲು ಬಿಡ್ಸಿದ್ಯಾ?" ಎನ್ನುತ್ತಿದ್ದರು. ಹಾಗಾಗಿ ಆ ಭಾನುವಾರ ಅತ್ತೆಯಿಂದ ಒಂದು ಚೆಂಡು ಹೊಡೆಸಿ, ಸಂಜೆಯ ಬಸ್ಸು ಹತ್ತಿಸಿಬಿಡುವುದೆಂದು ಅವನು ನಿರ್ಧರಿಸಿದ್ದ.

ಹೆಂಡತಿ ವಸಂತಮ್ಮ ಚಿತ್ರಾನ್ನ ಕಟ್ಟಿದಳು. ಮಗಳು ಪುಟ್ಟಿ ಎರಡು ಜಡೆ ಹಾಕಿಕೊಂಡಳು. ಹೊರಡಬೇಕು, ಅಷ್ಟರಲ್ಲಿ ಎದುರು ಮನೆಯ ಲಕ್ಷ್ಮಯ್ಯ ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಓಡಿಬಂದ. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ತಿಳಿಯುತ್ತಿದ್ದದ್ದು ಅವನಿಗೆ.

"ಗಾಲ್ಫ್‌ಗೆ ಹೊರಟ್ಯಾ? ಯಾವ ಗಾಲ್ಫ್‌ಗೆ?"

"ಯಾವ್ದು ಅಂದ್ರೆ? ಇರೋದೇ ಒಂದಲ್ವಾ?"

"ಅಯ್ಯೋ ಮಗಾ, ಅದು ಪಾಲಾಯ್ತಲ್ಲೋ!"

ವಿಷಯ ಇಷ್ಟು. ವಿನೋದ ವನ ಇದ್ದದ್ದು ಹೂಡಿ ಕಡೆಯ ಒಂದು ರಾಗಿ ಹೊಲದಲ್ಲಿ. ಮಾಲೀಕರು ಅಣ್ಣ ತಮ್ಮ, ದೊಡ್ಡಮುನಿಯಪ್ಪ ಮತ್ತು ಹನುಮಯ್ಯ. ಶ್ಯಾಮಣ್ಣನ ಬಾಡಿಗೆ ಮನೆಯೂ ಅವರದೇ. ಯುಗಾದಿ ದಿನ ಇಬ್ಬರ ಹೆಂಡಿರೂ ಒಂದು ಒಬ್ಬಟ್ಟಿನ ಕಲ್ಲಿಗೆ ಜಗಳವಾಡಿ, ಮನೆ ಒಡೆದು, ಎಲ್ಲವೂ ಪಾಲಾಗಿತ್ತು. ಎತ್ತು ಆಳಿಗೊಂದು. ಬಾವಿಯ ನೀರು ದಿನ ಬಿಟ್ಟು ದಿನ. ಗಾಲ್ಫ್ ಮೈದಾನದ ನಟ್ಟ ನಡುವೆ ಒಂದು ಬದು ಬಿತ್ತು. ಆ ಮೈದಾನದಲ್ಲಿ ಸಿಮೆಂಟಿನ ರಾವಣನೊಬ್ಬ ನಿಂತಿದ್ದ. ಅವನ ಬಾಯೊಳಗೆ ಚೆಂಡು ಹೊಡೆಯುವುದೇ ಮುಖ್ಯ ಆಕರ್ಷಣೆ. ಅವನನ್ನೂ ಬಿಡಲಿಲ್ಲ. ಗರಗಸ ತರಿಸಿ ತಲೆ ಐದೈದು ಹಂಚಿಕೊಂಡರು. ಈಗ ಬದುವಿನ ಆಚೆಗೊಂದು ಗಾಲ್ಫು, ಈಚೆಗೊಂದು ಗಾಲ್ಫು, ಎರಡರಲ್ಲೂ ಐದು ತಲೆಯ ರಾವಣ.

"ಪಾಲಾಗ್ದೆ ಉಳ್ದಿರೋದು ಒಂದೇ," ಲಕ್ಷ್ಮಯ್ಯ ದನಿ ತಗ್ಗಿಸಿದ. "ನಿನ್ನ ಮನೆ. ಇವತ್ತು ಆ ವನದ ಹುಣಸೆ ಮರದ ಕೆಳಗೆ ಊರ ಯಜಮಾನ್ರು ನರಸಪ್ಪನೋರು ಪಂಚಾಯ್ತಿ ಮಾಡ್ತಾವ್ರೆ. ನೀನು ಅಣ್ಣನ ಕಡೆ ಆಡ್ದೆ ಅಂತಿಟ್ಕೊ, ಮನೆ ತಮ್ಮನಿಗೆ ಹೋಯ್ತು ಅಂತಿಟ್ಕೊ, ನಾಳೆ ನಿನ್ನ ಪಾತ್ರೆ ಪಡಗ ಬೀದೀಲಿ."

ಶ್ಯಾಮಣ್ಣ ತಟ್ಟನೆ ಚಪ್ಪಲಿ ಬಿಚ್ಚಿದ. "ಅತ್ತೆ, ಮುಂದಿನ ವಾರ ಹೋಗಣ."

"ಹೋಗಣ, ಅದಕ್ಕೇನು," ಎಂದರು ಅಂಜನಮ್ಮ. "ಅಲ್ಲೀವರ್ಗೂ ಇರ್ತೀನಿ."

ಶ್ಯಾಮಣ್ಣ ಮತ್ತೆ ಚಪ್ಪಲಿ ಮೆಟ್ಟಿದ. ಲಕ್ಷ್ಮಯ್ಯ ಬಾಯಿ ಮುಕ್ಕಳಿಸಿ ಜೊತೆಗೇ ಹೊರಟ.

ವಿನೋದ ವನದ ಬಾಗಿಲಲ್ಲಿ ಒಬ್ಬ ಅಜ್ಜಿ ಸೌತೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅವಳ ಬೆನ್ನ ಹಿಂದೆ ಮಂಚದಗಲದ ಜಾಗ. ಅದರಲ್ಲಿ ಮೂರು ಗುಂಡಿ ತೋಡಿ, ಅಂಚಿಗೆ ಗಡಿಗೆ ಹೂತು, ಸಗಣಿ ಸಾರಿಸಿದ್ದಳು.

"ಬಾಪ್ಪ, ನಂದೂ ಒಂದೈತೆ ಗಾಲ್ಫು," ಎಂದು ಒಂದು ಸೌದೆ ತುಂಡು ಎತ್ತಿ ತೋರಿಸಿದಳು. "ಒಂದೇಟು ಒಡ್ದು ಓಗು."

"ಆಮೇಲೆ ಅಜ್ಜಿ, ಆಮೇಲೆ," ಎಂದು ಶ್ಯಾಮಣ್ಣ ನೊಣ ಓಡಿಸಿದಂತೆ ಕೈಯಾಡಿಸಿದ.

ಒಳಗೆ ಅಣ್ಣ ತಮ್ಮ ಇಬ್ಬರೂ, ಬಿಳಿ ಮೀಸೆ ಹೊತ್ತು, ಖಾಸಗಿ ಬಸ್ಸಿನ ಕಂಡಕ್ಟರುಗಳಂತೆ ಎದುರುಬದುರು ನಿಂತು ಕೂಗುತ್ತಿದ್ದರು. ಅಣ್ಣನ ಕೈಯಲ್ಲಿ ಕೆಂಪು ಕಾಗದದ ಟೋಪಿ, ತಮ್ಮನ ಕೈಯಲ್ಲಿ ಹಸಿರು. ಟೋಪಿ ಹಾಕಿಕೊಂಡವರಿಗೆ ಮಾತ್ರ ಆಟ.

"ಬಾ ಶ್ಯಾಮಣ್ಣ! ನಮ್ ರಾವಣಂಗೆ ಮುಂದಿನ ತಲೆಗೋಳು ಬಂದವೆ, ಮೀಸೆ ನೋಡು!" ಎಂದ ದೊಡ್ಡಮುನಿಯಪ್ಪ.

"ಅವಂದ್ ರಾವಣಂಗೆ ಸೊಂಟಾನೇ ಇಲ್ಲ, ನೆಲದ ಮ್ಯಾಗೆ ಸೋರೆಕಾಯಿ ಇಟ್ಟಂಗೆ ಅವ್ನೆ. ಸೊಂಟ ನನ್ನ ಪಾಲು!" ಎಂದ ಹನುಮಯ್ಯ.

ಶ್ಯಾಮಣ್ಣ ಲಕ್ಷ್ಮಯ್ಯನ ಮುಖ ನೋಡಿದ. ಲಕ್ಷ್ಮಯ್ಯ ದೂರದ ಹುಣಸೆ ಮರದ ಕಡೆ ಕತ್ತು ಚಾಚಿದ. ಅಲ್ಲಿ ನರಸಪ್ಪನವರು ಎಲೆಯಡಿಕೆ ಜಗಿಯುತ್ತಾ ಕೂತಿದ್ದರು. ಜಗಿದು ಜಗಿದು, ಕೊನೆಗೆ ಬಲಕ್ಕೆ ತಿರುಗಿ ಪಿಚಕ್ಕನೆ ಉಗಿದರು.

"ತಮ್ಮನ ಹೊಲದ ಕಡೆ ಉಗುದ್ರು!" ಲಕ್ಷ್ಮಯ್ಯ ಪಿಸುಗುಟ್ಟಿದ. "ತಮ್ಮ ಕೆಟ್ಟ. ಮನೆ ಅಣ್ಣನಿಗೆ. ಹಾಕ್ಕೊ ಕೆಂಪು!"

ಸಂಸಾರವೆಲ್ಲ ಕೆಂಪು ಟೋಪಿ ಧರಿಸಿತು. ಅಂಜನಮ್ಮ ಸೆರಗು ಸಿಕ್ಕಿಸಿ, ದಾಂಡನ್ನು ಒನಕೆಯ ಹಾಗೆ ಎತ್ತಿ ಒಂದು ಬಿಟ್ಟರು ನೋಡಿ! ಚೆಂಡು ರಾವಣನ ಮೂಗಿಗೆ ಬಡಿದು ವಾಪಸ್ಸು ಬಂದು ದೊಡ್ಡಮುನಿಯಪ್ಪನ ಮೊಣಕಾಲಿಗೆ ಬಿತ್ತು.

"ಪರವಾಗಿಲ್ಲ ತಾಯಿ, ಕೈಯಾಗೆ ಬಲ ಐತೆ," ಎಂದು ಅವನು ಕುಂಟುತ್ತಾ ನಕ್ಕ.

ಎರಡನೇ ಗುಂಡಿ ತಲುಪುವಷ್ಟರಲ್ಲಿ ಲಕ್ಷ್ಮಯ್ಯ ಓಡಿಬಂದ. "ಮಗಾ! ಈಗ ಎಡಕ್ಕೆ ಉಗುದ್ರು! ಜೋರಾಗಿ!"

"ಅಂದ್ರೆ?"

"ಈಗ ಅಣ್ಣ ಕೆಟ್ಟ. ಮನೆ ತಮ್ಮನಿಗೇ. ನೆಗಿ!"

ಶ್ಯಾಮಣ್ಣ ಕೆಂಪು ಟೋಪಿಯನ್ನು ಅಂಗಿಯೊಳಗೆ ತುರುಕಿ, ಬದು ಹಾರಿ, ಹನುಮಯ್ಯನ ಮುಂದೆ ಪ್ರತ್ಯಕ್ಷನಾದ. "ಬಂದ್ಬಿಟ್ಟೆ ಹನುಮಯ್ಯನೋರೇ! ಆಗಿಂದ ನಿಮ್ಮನ್ನೇ ಹುಡುಕ್ತಿದ್ದೆ." ಹಸಿರು ಟೋಪಿ ತಲೆಗೆ ಬಿತ್ತು. ಒಂದು ಏಟು ಹೊಡೆದ. ಚೆಂಡು ಸೊಂಟದ ರಾವಣನನ್ನು ಬಿಟ್ಟು, ಬೇಲಿ ದಾಟಿ, ಬಾಗಿಲ ಬಳಿ ಫಟ್ ಎಂದಿತು.

"ಅಯ್ಯೋ, ನನ್ ಗಡ್ಗೆ!" ಅಜ್ಜಿ ಕೂಗಿಕೊಂಡಳು.

"ಆಮೇಲೆ ಅಜ್ಜಿ!"

ಆಮೇಲೆ ನಡೆದದ್ದನ್ನು ಕಂಡ ಪುಟ್ಟಿ, ಅಪ್ಪ ತನಗೋಸ್ಕರ ಕೋತಿಯಾಟ ಆಡುತ್ತಿದ್ದಾನೆಂದು ಚಪ್ಪಾಳೆ ತಟ್ಟಿದಳು. ನರಸಪ್ಪನವರು ಬಲಕ್ಕೆ ಉಗಿದರೆ ಶ್ಯಾಮಣ್ಣ ಬದು ಹಾರಿ ಅಣ್ಣನ ಕಡೆ. ಎಡಕ್ಕೆ ಉಗಿದರೆ ಬದು ಹಾರಿ ತಮ್ಮನ ಕಡೆ. ಅಣ್ಣನ ಹತ್ತಿರ, "ಒಂದಕ್ಕೆ ಹೋಗಿದ್ದೆ." ತಮ್ಮನ ಹತ್ತಿರ, "ಚೆಂಡು ಹುಡುಕಕ್ಕೆ ಹೋಗಿದ್ದೆ." ನಡುವೆ ಅವನ ಏಟಿಗೆ ಅಜ್ಜಿಯ ಇನ್ನೊಂದು ಗಡಿಗೆ ಒಡೆಯಿತು.

"ನಿನ್ ಗಂಡಂಗೆ ಏನಾರ ಮೆಟ್ಕೊಂಡೈತಾ?" ಎಂದು ಅಂಜನಮ್ಮ ಮಗಳನ್ನು ಕೇಳಿದರು.

"ಇಲ್ಲಮ್ಮ, ಲಕ್ಷ್ಮಯ್ಯ ಮೆಟ್ಕೊಂಡಿದ್ದಾನೆ," ಎಂದಳು ವಸಂತಮ್ಮ, ಚಿತ್ರಾನ್ನ ಬಿಚ್ಚುತ್ತಾ.

ಅಷ್ಟರಲ್ಲಿ ಮೇ ತಿಂಗಳ ಸೂರ್ಯ ನಡುನೆತ್ತಿಗೆ ಬಂದ. ಶ್ಯಾಮಣ್ಣ ಎಮ್ಮೆಯಂತೆ ಬೆವೆತ. ಟೋಪಿಗಳೋ, ಜಾತ್ರೆಯ ಅಗ್ಗದ ಕಾಗದ. ಬಣ್ಣ ಇಳಿಯತೊಡಗಿತು. ಬದುವಿನ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಅವನು ಉಸಿರು ತೆಗೆದುಕೊಳ್ಳುತ್ತಿದ್ದಾಗ ಅಣ್ಣ ಒಂದು ಕಡೆಯಿಂದ ಬಂದ, ತಮ್ಮ ಇನ್ನೊಂದು ಕಡೆಯಿಂದ ಬಂದ. ಶ್ಯಾಮಣ್ಣನ ಎಡಗೆನ್ನೆ ಕೆಂಪು, ಬಲಗೆನ್ನೆ ಹಸಿರು, ಗಡ್ಡದ ತುದಿಯಲ್ಲಿ ಎರಡೂ ಬೆರೆತು ಹಾಗಲಕಾಯಿ ಹಣ್ಣಾದಂತೆ ತೊಟ್ಟಿಕ್ಕುತ್ತಿತ್ತು.

ಯುಗಾದಿಯಿಂದ ಮಾತು ಬಿಟ್ಟಿದ್ದ ಅಣ್ಣ ತಮ್ಮ ಮೊದಲ ಸಲ ಒಟ್ಟಿಗೆ ಮಾತಾಡಿದರು.

"ಏನ್ಲಾ, ನೀನು ಯಾರ ಕಡೆ?"

ಇಬ್ಬರೂ ಅವನ ಎರಡು ರಟ್ಟೆ ಹಿಡಿದು ಹುಣಸೆ ಮರದ ಕೆಳಕ್ಕೆ ಎಳೆದುಕೊಂಡು ಹೋದರು. ವಸಂತಮ್ಮ, ಪುಟ್ಟಿ, ಅಂಜನಮ್ಮ ಹಿಂದೆ ಓಡಿದರು. ಆಟ ನೋಡುತ್ತಿದ್ದವರೂ ಬಂದರು. ಲಕ್ಷ್ಮಯ್ಯ ಎಲ್ಲರಿಗಿಂತ ಮೊದಲೇ ಅಲ್ಲಿ ಕೂತಿದ್ದ.

ನರಸಪ್ಪನವರು ಶ್ಯಾಮಣ್ಣನ ಮುಖವನ್ನು ಬಹಳ ಹೊತ್ತು ನೋಡಿದರು. "ಎರಡು ಕಡೇನೂ ಆಡಿದ್ಯಾ?"

"ತಪ್ಪಾಯ್ತು ಸಾರ್."

"ಯಾಕಪ್ಪ ತಪ್ಪು? ಬೆಳಗ್ಗಿಂದ ಈ ಮನೆ ವಿಚಾರ ಬಗೆಹರೀತಿಲ್ಲ, ನನ್ನ ಎಲೆಯಡಿಕೆ ಖಾಲಿ ಆಗ್ತಾ ಬಂತು. ಎರಡೂ ಗಾಲ್ಫು ಬಲ್ಲೋನು ನೀನೊಬ್ನೇ. ನೀನೇ ಹೇಳ್ಬಿಡು. ಯಾರ ಗಾಲ್ಫು ಚೆಂದಾನೋ ಅವ್ರಿಗೆ ಮನೆ. ಏನ್ರಪ್ಪ, ಒಪ್ಗೇನಾ?"

"ಒಪ್ಗೆ," ಎಂದ ದೊಡ್ಡಮುನಿಯಪ್ಪ, ಶ್ಯಾಮಣ್ಣನ ಎಡ ರಟ್ಟೆ ಹಿಸುಕುತ್ತಾ.

"ಒಪ್ಗೆ," ಎಂದ ಹನುಮಯ್ಯ, ಬಲ ರಟ್ಟೆ ಹಿಸುಕುತ್ತಾ.

ಶ್ಯಾಮಣ್ಣನ ನಾಲಗೆ ಒಣಗಿ ಒಬ್ಬಟ್ಟಿನ ಕಲ್ಲಾಯಿತು. ಅಣ್ಣ ಎಂದರೆ ಬಲಗೆನ್ನೆಗೆ ಏಟು, ತಮ್ಮ ಎಂದರೆ ಎಡಗೆನ್ನೆಗೆ. ಮನೆ ಉಳಿದರೂ ಹಲ್ಲು ಉಳಿಯುವಂತಿಲ್ಲ. ದಿಕ್ಕು ತೋಚದೆ ಸುತ್ತ ನೋಡಿದ. ದೂರದಲ್ಲಿ, ಬಾಗಿಲ ಬಳಿ, ಆ ಅಜ್ಜಿ ಒಡೆದ ಗಡಿಗೆಯ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು. ಶ್ಯಾಮಣ್ಣನ ಬಣ್ಣಬಣ್ಣದ ತಲೆಯಲ್ಲಿ ಜನ್ಮದಲ್ಲಿ ಮೊದಲ ಬಾರಿಗೆ ದೀಪ ಹತ್ತಿತು. ಬಾಗಿಲಿಗೂ ಕೇಳುವಷ್ಟು ಜೋರಾಗಿ ಕೂಗಿದ.

"ಸಾರ್, ಸತ್ಯ ಹೇಳ್ಬಿಡ್ತೀನಿ. ಎರಡೂ ಚೆನ್ನಾಗೈತೆ. ಆದ್ರೆ ಎರಡಕ್ಕಿಂತ ಸಕ್ಕತ್ತಾಗಿರೋದು ಆ ಅಜ್ಜಿದು! ಮೂರೇ ಗುಂಡಿ. ಆದ್ರೆ ಏನ್ ಗುಂಡಿ ಅಂತೀರಾ! ಅಂಥ ಗಾಲ್ಫು ಫಾರಿನ್ನಲ್ಲೂ ಇಲ್ಲ. ಬಾಡಿಗೆ ಮನೆ ಪಕ್ಕದಲ್ಲೇ ಅಂಥದ್ದೊಂದಿದ್ರೆ ದಿನಾ ಆಡ್ತಿದ್ದೆ!"

"ಅಳಿಯಂದ್ರಿಗೆ ಬಿಸಿಲು ತಲೆಗೇರ್ತು," ಎಂದರು ಅಂಜನಮ್ಮ.

ಶ್ಯಾಮಣ್ಣನಿಗೆ ಒಳಗೊಳಗೇ ಹಿಗ್ಗು. ಯಾರದೋ ಸೌತೆಕಾಯಿ ಅಜ್ಜಿ, ಅವಳಿಗೂ ಮನೆಗೂ ಏನು ಸಂಬಂಧ? ಪಂಚಾಯ್ತಿ ಮುಂದಕ್ಕೆ ಹೋಯಿತು, ತಾನು ಬಚಾವು.

ನರಸಪ್ಪನವರು ತಾಂಬೂಲವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು. "ಅಲ್ರಪ್ಪ, ಇದು ನಮಗ್ಯಾಕೆ ಒಳೀಲಿಲ್ಲ? ಚಿಕ್ಕಮುನಿಯಮ್ಮನೂ ನಿಮ್ ಒಡಹುಟ್ಟಿದೋಳೇ ಅಲ್ವಾ? ಗಂಡ ಹೋದ್ಮೇಲೆ ವಾಪಸ್ ಬಂದು ಬಾಗ್ಲಲ್ಲಿ ಕೂತವ್ಳೆ. ಎತ್ತು ಹಂಚ್ಕೊಂಡ್ರಿ, ರಾವಣನ ತಲೆ ಹಂಚ್ಕೊಂಡ್ರಿ, ಅವಳಿಗೆ ಏನ್ ಕೊಟ್ರಿ?"

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಇಬ್ಬರ ಮನಸ್ಸಿನಲ್ಲೂ ಒಂದೇ ಲೆಕ್ಕ. ಅವನಿಗೆ ಹೋಗದಿದ್ದರೆ ಸಾಕು.

"ತವರಿನ ಪಾಲು ಅಂತ ತಂಗಿಗೇ ಓಗ್ಲಿ," ಎಂದ ದೊಡ್ಡಮುನಿಯಪ್ಪ.

"ಅಕ್ಕಂಗೆ ಅಂದ್ರೆ ನಾನ್ ಬ್ಯಾಡ ಅಂತೀನಾ?" ಎಂದ ಹನುಮಯ್ಯ, ತಾನೂ ಹಿಂದೆ ಬೀಳಬಾರದೆಂದು. "ನನ್ನ ಐದು ತಲೇನೂ ಅವ್ಳಿಗೇ!"

"ನಂದೂ ಐದು!" ಎಂದು ಅಣ್ಣ ಗುಡುಗಿದ.

ಶ್ಯಾಮಣ್ಣನ ಕಾಲ ಕೆಳಗಿನ ಹೊಲ ಕುಸಿಯಿತು. ಎರಡು ಸಲ 'ಆಮೇಲೆ ಅಜ್ಜಿ' ಅಂದಿದ್ದ. ಎರಡು ಗಡಿಗೆ ಒಡೆದಿದ್ದ. ಅವಳೇ ಈಗ ಮನೆಯೊಡತಿ! ಚಿಕ್ಕಮುನಿಯಮ್ಮ ಸೌದೆ ತುಂಡು ಹಿಡಿದುಕೊಂಡೇ ಬಂದಳು. ಅವನು ಎರಡು ಬಣ್ಣದ ಕೆನ್ನೆಗಳನ್ನೂ ಎರಡು ಕೈಯಲ್ಲಿ ಮುಚ್ಚಿಕೊಂಡ.

"ಅಜ್ಜಿ, ಗಡಿಗೆ ಹೊಸದು ತಂದ್ಕೊಡ್ತೀನಿ, ಮನೆ ಮಾತ್ರ ಬಿಡ್ಸಬೇಡಿ!"

"ಬಿಡ್ಸೋದಾ?" ಅಜ್ಜಿಯ ಕಣ್ಣಲ್ಲಿ ನೀರಾಡಿತು. "ನಿನ್ನಂಥೋನ್ನ ಬಿಡ್ತೀನಾ ಮಗಾ? ಇಷ್ಟು ಜನದ ಮುಂದೆ ನನ್ನ ಗಾಲ್ಫೇ ಗಾಲ್ಫು ಅಂದ್ಯಲ್ಲ! ನೀನು ಅಲ್ಲೇ ಇರು. ಸಾಯೋಗಂಟ ಇರು."

ಶ್ಯಾಮಣ್ಣ ಅವಳ ಕಾಲಿಗೆ ಬೀಳಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಯಾಕೆಂದರೆ ಅಜ್ಜಿ ಇನ್ನೂ ಮುಗಿಸಿರಲಿಲ್ಲ.

"ಪಕ್ಕದಾಗಿದ್ರೆ ದಿನಾ ಆಡ್ತೀನಿ ಅಂದೆ. ಪಕ್ಕದಾಗ್ಯಾಕೆ? ಒಳ್ಗೇ ಆಕ್ತೀನಿ! ನಂಗಾದ್ರೂ ಬೇರೆ ಜಾಗ ಎಲ್ಲೈತೆ? ಮುಂಬಾಗ್ಲಾಗೆ ಒಡುದ್ರೆ ನಡುಮನೆ, ಅಡ್ಗೆಮನೆ ಎಲ್ಲಾ ದಾಟಿ ಇತ್ತಿಲಿಗೆ ಬೀಳ್ಬೇಕು. ಒಲೆ ಮಗ್ಗುಲಾಗೆ ಐದು ತಲೆ, ನೀರಿನ ಅಂಡೆ ಮಗ್ಗುಲಾಗೆ ಐದು ತಲೆ."

"ಅಯ್ಯೋ, ನಾನು ಎಲ್ಲಿ ಅಡುಗೆ ಮಾಡ್ಲಿ?" ಎಂದು ವಸಂತಮ್ಮ ಚೀರಿದಳು.

"ಮಾಡವ್ವ, ಯಾರು ಬ್ಯಾಡ ಅಂದ್ರು? ಚೆಂಡು ಬಂದಾಗ ಒಸಿ ಕಾಲು ಎತ್ತು."

ಪುಟ್ಟಿ ಕುಣಿದಾಡಿದಳು. ಲಕ್ಷ್ಮಯ್ಯ ಆಗಲೇ ಊರಿನ ಕಡೆ ಓಡುತ್ತಿದ್ದ, ಸುದ್ದಿ ಮುಟ್ಟಿಸಲು. ಅಂಜನಮ್ಮನವರು ಮಾತ್ರ ಬಹಳ ಗಂಭೀರವಾಗಿ ತಮ್ಮ ಕೆಂಪು ಟೋಪಿ ಸರಿಮಾಡಿಕೊಂಡರು.

"ವಸಂತ, ನನ್ನ ಚೆಂಡು ಒಂದೂ ಗುಂಡಿಗೆ ಬಿದ್ದಿಲ್ಲ. ಮಾತು ಕೊಟ್ಟಿದೀನಿ. ಆನೇಕಲ್ಲಿಂದ ನನ್ನ ದೊಡ್ಡ ಟ್ರಂಕು ತರ್ಸು. ಮನೇಲೇ ಗಾಲ್ಫು ಇರೋವಾಗ ಅವಸರ ಏನು?"

ಶ್ಯಾಮಣ್ಣ ಕೆಂಪುಹಸಿರು ಕಣ್ಣೀರು ಒರೆಸಿಕೊಳ್ಳುತ್ತಾ, "ಅಜ್ಜಿ, ನಾನೆಲ್ಲಿ ಮಲಗ್ಲಿ?" ಎಂದ.

"ಗುಂಡಿ ಬಿಟ್ಟು ಎಲ್ಲಾದ್ರೂ ಮಲಿಕ್ಕೊ ಮಗಾ," ಎಂದಳು ಚಿಕ್ಕಮುನಿಯಮ್ಮ, ಅವನ ಬೆನ್ನು ತಟ್ಟಿ. "ಮುಂಬಾಗ್ಲು ಒಂದು ಬ್ಯಾಡ. ಮೊದಲ್ನೇ ಏಟು ಅಲ್ಲಿಂದ್ಲೇ."